ಯಂತ್ರವಾರ್ತೆಯಲ್ಲಿ ಕರ್ತೃ-ಕರಣ ವಿವೇಕ

ಸಾಸಲು ಹೋಬಳಿಯನ್ನೊಳಗೊಂಡ ದೊಡ್ಡಬಳ್ಳಾಪುರ ಸೀಮೆಯ ನೇಯ್ಗೆಯ ಚರಿತ್ರೆಯನ್ನು ‘ವಿದ್ಯುನ್ಮಗ್ಗವು ಕೈಮಗ್ಗವನ್ನು ನುಂಗಿತು’ ಎಂದು ಸಂಗ್ರಹಿಸುವುದು ಸುಲಭ. ಆ ಮಗ್ಗವನ್ನು ಕೊಂಡವರಾರು, ಹೂಡಿಸಿದವರಾರು ಎಂಬುದು ಈ ವಾಕ್ಯದಲ್ಲಿ ಮರೆಯಾಗುವುದು.

ಕೃತಕ ಬುದ್ಧಿಮತ್ತೆಯ ವಾರ್ತೆಗಳಲ್ಲಿಯೂ ಇದೇ ಪ್ರಯೋಗವುಂಟು. 2023ನೆಯ ಜುಲೈಯಲ್ಲಿ ಬೆಂಗಳೂರಿನ ‘ದುಕಾನ್’ ಸಂಸ್ಥೆಯ ಸ್ಥಾಪಕರು, ಸಂಭಾಷಣಾಯಂತ್ರದ ನಿಮಿತ್ತವಾಗಿ ಗ್ರಾಹಕಸೇವೆಯ ಶೇಕಡಾ 90 ಮಂದಿ ನೌಕರರನ್ನು ಬಿಡಿಸಬೇಕಾಯಿತೆಂದು ತಾವೇ ಪ್ರಕಟಿಸಿದರು. ಆ ಮಾತೇ ದೇಶವಿದೇಶಗಳಲ್ಲಿ ವಾರ್ತೆಯಾಯಿತು. ಬಿಡಿಸಿದವರು ಒಡೆಯರು, ಮುಂದೆ ನಿಂತುದು ಯಂತ್ರ.

ಪಾಣಿನಿಯ ಮತದಲ್ಲಿ ಸ್ವತಂತ್ರನಾದವನೇ ಕರ್ತೃ; ಕ್ರಿಯಾಸಿದ್ಧಿಗೆ ಸಾಧಕತಮವಾದುದು ಕರಣ. ‘ಕತ್ತಿಯು ಚೆನ್ನಾಗಿ ಕಡಿಯುತ್ತದೆ’ ಎಂದು ಕರಣಕ್ಕೆ ಕರ್ತೃತ್ವವನ್ನು ಹೇಳುವುದನ್ನು ವೈಯಾಕರಣರು ಒಪ್ಪಿರುವರು. ಅದು ವಕ್ತೃವಿನ ವಿವಕ್ಷೆ. ಆದರೆ ನ್ಯಾಯಸ್ಥಾನದಲ್ಲಿ ಕತ್ತಿಯನ್ನು ದಂಡಿಸುವವರಿಲ್ಲ. ವಾರ್ತಾಪತ್ರಗಳನ್ನು ಆಧಾರವಾಗಿ ಹಿಡಿಯುವ ಚರಿತ್ರಕಾರನು ಈ ವಿವಕ್ಷೆಯನ್ನು ಶೋಧಿಸತಕ್ಕುದು. ಇಲ್ಲವಾದರೆ ಕೆಲಸ ಕಳೆದುಕೊಂಡವರಿಗೆ ಉತ್ತರ ಹೇಳುವವನು ಚರಿತ್ರೆಯಲ್ಲಿಯೂ ಉಳಿಯನು.