ಅನಬಾಲಿಕ್ ಸ್ಟೀರಾಯ್ಡ್ ಬಳಕೆ ಮತ್ತು ಕೆಂಪು ರಕ್ತಕಣಗಳ ನಿಗಾ

ಟೆಸ್ಟೊಸ್ಟೆರಾನ್ ಅಥವಾ ಅದರ ಕೃತಕ ರೂಪಗಳಾದ ಅನಬಾಲಿಕ್ ಸ್ಟೀರಾಯ್ಡ್‌ಗಳನ್ನು ಬಳಸುವವರಲ್ಲಿ ಕೆಂಪು ರಕ್ತಕಣಗಳು ಅತಿಯಾಗಿ ಹೆಚ್ಚಿವೆಯೇ ಎಂದು ಕಾಲಕಾಲಕ್ಕೆ ಪರೀಕ್ಷಿಸುವ ಕ್ರಮ. ಇದರ ಮುಖ್ಯ ಅಳತೆ ಹೆಮಟೊಕ್ರಿಟ್, ಎಂದರೆ ರಕ್ತದ ಒಟ್ಟು ಗಾತ್ರದಲ್ಲಿ ಕೆಂಪು ಕಣಗಳ ಪಾಲು. ಸಿಬಿಸಿ (ರಕ್ತಕಣಗಳ ಸಂಪೂರ್ಣ ಎಣಿಕೆ) ವರದಿಯಲ್ಲಿ ಇದನ್ನು ಪಿಸಿವಿ ಎಂದೂ ನಮೂದಿಸುತ್ತಾರೆ. ವಯಸ್ಕ ಗಂಡಸರಲ್ಲಿ ಇದು ಸಾಮಾನ್ಯವಾಗಿ ಶೇ. 40ರಿಂದ 50, ಹೆಂಗಸರಲ್ಲಿ ಶೇ. 36ರಿಂದ 46ರಷ್ಟಿರುತ್ತದೆ.

ಕಾರಣ: ಈ ಔಷಧಿಗಳು ಮೂತ್ರಪಿಂಡದಿಂದ ಸ್ರವಿಸುವ ಎರಿಥ್ರೊಪೊಯೆಟಿನ್ ಹಾರ್ಮೋನನ್ನು ಹೆಚ್ಚಿಸಿ ಅಸ್ಥಿಮಜ್ಜೆಯನ್ನು ಪ್ರಚೋದಿಸುತ್ತವೆ, ಕಬ್ಬಿಣವನ್ನು ತಡೆಹಿಡಿಯುವ ಯಕೃತ್ತಿನ ಹಾರ್ಮೋನಾದ ಹೆಪ್ಸಿಡಿನ್ ಕುಗ್ಗುವುದರಿಂದ ಕಣಗಳ ತಯಾರಿಕೆಗೆ ಕಬ್ಬಿಣವೂ ಹೆಚ್ಚು ದೊರೆಯುತ್ತದೆ. ಈ ಗುಣದಿಂದಲೇ ನ್ಯಾಂಡ್ರೊಲೋನ್, ಆಕ್ಸಿಮೆಥೊಲೋನ್‌ಗಳು ರಕ್ತಹೀನತೆಗೆ ಔಷಧಿಗಳಾಗಿ ಬಳಕೆಗೆ ಬಂದವು. ಚರ್ಮಕ್ಕೆ ಹಚ್ಚುವ ಜೆಲ್‌ಗಿಂತ ಸ್ನಾಯುವಿಗೆ ಕೊಡುವ ಚುಚ್ಚುಮದ್ದಿನಲ್ಲಿ ಏರಿಕೆ ಹೆಚ್ಚು. ಕಣಗಳು ಹೆಚ್ಚಿದಷ್ಟೂ ರಕ್ತ ಮಂದವಾಗುತ್ತದೆ. ತಲೆನೋವು, ಮುಖ ಕೆಂಪೇರುವಿಕೆ ಕಾಣಿಸಬಹುದು, ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಎಷ್ಟೋ ಮಂದಿಯಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲವಾದ್ದರಿಂದ ಪರೀಕ್ಷೆ ಅಗತ್ಯ.

ಪರೀಕ್ಷೆಯ ಕ್ರಮ: ಟೆಸ್ಟೊಸ್ಟೆರಾನ್ ಚಿಕಿತ್ಸೆ ಕುರಿತು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2018ರಲ್ಲಿ ಕೊಟ್ಟ ಸೂಚನೆಯಂತೆ ಚಿಕಿತ್ಸೆಗೆ ಮುನ್ನ ಒಮ್ಮೆ, ಆರಂಭಿಸಿದ 3ರಿಂದ 6 ತಿಂಗಳೊಳಗೆ ಒಮ್ಮೆ, ಅನಂತರ ವರ್ಷಕ್ಕೊಮ್ಮೆ ಹೆಮಟೊಕ್ರಿಟ್ ನೋಡಬೇಕು. ಅದು ಶೇ. 54 ದಾಟಿದರೆ ಔಷಧಿ ನಿಲ್ಲಿಸಿ, ಸುರಕ್ಷಿತ ಮಟ್ಟಕ್ಕೆ ಇಳಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮುಂದುವರಿಸಬಹುದು. ವೈದ್ಯರ ಸಲಹೆಯಿಲ್ಲದೆ ಮೈಕಟ್ಟಿಗಾಗಿ ಬಳಸುವವರು ಚಿಕಿತ್ಸೆಯ ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚು ತೆಗೆದುಕೊಳ್ಳುವುದುಂಟು. ಚಿಕಿತ್ಸೆಗೆಂದು ಹಾಕಿದ ಈ ವೇಳಾಪಟ್ಟಿ ಅವರಿಗೆ ರಕ್ಷಣೆಯ ಭರವಸೆಯಲ್ಲ.

ವರದಿಯ ಅರ್ಥ: ದೇಹದಲ್ಲಿ ನೀರು ಕಡಿಮೆಯಾದರೆ ಕಣಗಳು ಹೆಚ್ಚದಿದ್ದರೂ ಅಂಕಿ ಏರುತ್ತದೆ. ಧೂಮಪಾನ, ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ, ಎತ್ತರ ಪ್ರದೇಶದ ವಾಸ ಇವು ನಿಜವಾಗಿಯೇ ಕಣಗಳನ್ನು ಹೆಚ್ಚಿಸುತ್ತವೆ. ಪಾಲಿಸೈಥೀಮಿಯಾ ವೆರಾ ಎಂಬ ಅಸ್ಥಿಮಜ್ಜೆಯ ರೋಗದ ಶಂಕೆಯಿದ್ದರೆ ಜಾಕ್2 ಜೀನಿನ ಪರೀಕ್ಷೆ ಮಾಡಿಸುತ್ತಾರೆ.

ನಿರ್ವಹಣೆ: ಪ್ರಮಾಣ ತಗ್ಗಿಸುವುದು ಅಥವಾ ಔಷಧಿ ನಿಲ್ಲಿಸುವುದು ಮೂಲ ಪರಿಹಾರ. ರಕ್ತ ತೆಗೆಸಿದರೆ ಅಂಕಿ ಬೇಗ ಇಳಿಯುತ್ತದೆ. ಆದರೆ ಪ್ರಚೋದನೆ ಉಳಿದಿರುವವರೆಗೆ ಮತ್ತೆ ಏರುತ್ತದೆ, ಪದೇ ಪದೇ ತೆಗೆಸಿದರೆ ಕಬ್ಬಿಣದ ಕೊರತೆ ಉಂಟಾಗುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಔಷಧಿ ನಿಲ್ಲಿಸಿದ ಮೇಲೂ ಮಟ್ಟ ಇಳಿಯಲು ಕೆಲವು ತಿಂಗಳು ಬೇಕು. ಅಲ್ಲಿಯವರೆಗೆ ಪರೀಕ್ಷೆ ಮುಂದುವರಿಸಬೇಕು.