ಗಾಳಿ ಎಲ್ಲರದು, ಸದ್ದು ಯಾರದು?

ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗ ಸೀಮೆಯ ಎರೆ ಹೊಲಗಳ ನಡುವೆ ನಿಧಾನವಾಗಿ ತಿರುಗುವ ಗಾಳಿಯಂತ್ರಗಳನ್ನು ಬಸ್ಸಿನ ಕಿಟಕಿಯಿಂದ ನೋಡದವರು ಕಡಿಮೆ. ದೂರದಿಂದ ಅದೊಂದು ಚೆಂದದ ನೋಟ. ಆದರೆ ಅದರ ಬುಡದಲ್ಲಿ ಬದುಕುವವನ ಮಾತು ಬೇರೆ. ಯಂತ್ರ ನಿಂತ ಜಮೀನಿನವನಿಗೆ ಹಣ ಸಿಗುತ್ತದೆ. ಬದುವಿನ ಆಚೆಯವನಿಗೆ ಸಿಗುವುದು ರೆಕ್ಕೆಯ ಸದ್ದು ಮತ್ತು ಸಂಜೆ ಬಿಸಿಲಿನಲ್ಲಿ ಅಂಗಳದ ಮೇಲೆ ಹಾದುಹೋಗುವ ನೆರಳು. ಹಾಗಾದರೆ ಯಂತ್ರ ನೆರೆಯವನ ಮನೆಯಿಂದ ಎಷ್ಟು ದೂರ ಇರಬೇಕು? ಪ್ರಶ್ನೆ ಹೊಸದಲ್ಲ. ಗಾಳಿಯನ್ನು ದುಡಿಸಿಕೊಳ್ಳಲು ತೊಡಗಿದ ದಿನದಿಂದಲೂ ನೆರೆಹೊರೆಯ ಜಗಳ ಅದರ ಬೆನ್ನಿಗಿದೆ.

ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ 1191ರಲ್ಲಿ ಹರ್ಬರ್ಟ್ ಎಂಬ ಪಾದ್ರಿ ಒಂದು ಗಾಳಿಗಿರಣಿ ಕಟ್ಟಿದ. ಅಲ್ಲಿನ ಮಠಾಧಿಪತಿ ಸ್ಯಾಮ್ಸನ್ ಕಿಡಿಕಿಡಿಯಾದ. ಗಾಳಿ ಎಲ್ಲರ ಸೊತ್ತು, ನನ್ನ ಕಾಳನ್ನಷ್ಟೇ ಬೀಸಿಕೊಳ್ಳುತ್ತೇನೆ ಎಂಬುದು ಹರ್ಬರ್ಟನ ವಾದ. ಊರವರೆಲ್ಲ ನಿನ್ನ ಗಿರಣಿಗೇ ಬಂದರೆ ಮಠದ ಗಿರಣಿಗಳ ಗತಿಯೇನು ಎಂಬುದು ಮಠಾಧಿಪತಿಯ ಮಾತು. ಕೊನೆಗೆ ಹೆದರಿದ ಹರ್ಬರ್ಟ್ ತಾನೇ ಗಿರಣಿಯನ್ನು ಕೆಡವಿಸಿದ. ಮಠದ ಸನ್ಯಾಸಿ ಜೋಸ್ಲಿನ್ ಬರೆದಿಟ್ಟ ವೃತ್ತಾಂತದಲ್ಲಿ ಈ ಪ್ರಸಂಗ ಉಳಿದಿದೆ. ಅಂದಿನ ತಕರಾರು ಸದ್ದಿನದಲ್ಲ, ಆದಾಯದ್ದು.

ಹಾಲೆಂಡಿನಲ್ಲಿ ಗಾಳಿಗೇ ಒಡೆಯರಿದ್ದರು. ಗಿರಣಿಯವನು ಜಹಗೀರುದಾರನಿಗೆ ಗಾಳಿಯ ಕಂದಾಯ ಕೊಡಬೇಕಿತ್ತು. ಅದಕ್ಕೆ ಬದಲಾಗಿ ಅವನಿಗೆ ರಕ್ಷಣೆ ಇತ್ತು: ಗಾಳಿಗೆ ಅಡ್ಡವಾಗುವಂತೆ ನೆರೆಯವರು ಎತ್ತರದ ಮನೆ ಕಟ್ಟುವಂತಿಲ್ಲ, ಮರ ಬೆಳೆಸುವಂತಿಲ್ಲ. ಅಂದರೆ ಅಂದು ದೂರ ನಿಲ್ಲಬೇಕಾದದ್ದು ಮನೆ, ಗಿರಣಿಯಲ್ಲ. ಇಂದಿಗೂ ಅಲ್ಲಿ ಹಳೆಯ ಗಿರಣಿಗಳ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇರುವುದುಂಟು.

ಇಂಗ್ಲೆಂಡಿನ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ಪಕ್ಕದಲ್ಲಿ ಕಟ್ಟಿದ ಶಾಲೆಯಿಂದ ತನ್ನ ಗಿರಣಿಗೆ ಗಾಳಿ ತಪ್ಪಿತೆಂದು ಒಬ್ಬ ದಾವೆ ಹೂಡಿದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಗಿರಣಿ ನಡೆದಿದ್ದರೂ ಬಯಲಿನ ಗಾಳಿಯ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂದು 1861ರಲ್ಲಿ ತೀರ್ಪಾಯಿತು. ಇದೇ ತತ್ವ ನಮ್ಮ ದೇಶದ 1882ರ ಸುಖಾಧಿಕಾರ ಕಾಯಿದೆಯ 17ನೇ ಕಲಮಿನಲ್ಲೂ ಇದೆ. ಮನೆಯ ಕಿಟಕಿಗೆ ಬರುವ ಗಾಳಿ ಬೆಳಕಿಗೆ ಇಪ್ಪತ್ತು ವರ್ಷದ ಅನುಭೋಗದಿಂದ ಹಕ್ಕು ದೊರೆಯಬಹುದು, ತೆರೆದ ಜಮೀನಿಗೆ ಇಲ್ಲ. ಆ ಕಾಯಿದೆ ಮೊದಲು ಜಾರಿಗೆ ಬಂದ ಪ್ರದೇಶಗಳಲ್ಲಿ ಕೊಡಗೂ ಒಂದು.

ವಿದ್ಯುತ್ತಿಗಾಗಿ ಯಂತ್ರಗಳು ಎದ್ದಾಗ ಲೆಕ್ಕ ತಿರುಗಿತು. ಈಗ ದೂರ ಸರಿಯಬೇಕಾದದ್ದು ಯಂತ್ರ. ಡೆನ್ಮಾರ್ಕ್ 1991ರಲ್ಲಿ ಗಾಳಿಯಂತ್ರಗಳ ಸದ್ದಿಗೆಂದೇ ನಿಯಮ ಮಾಡಿತು; ನೆರೆಯ ಮನೆಗೂ ಯಂತ್ರಕ್ಕೂ ನಡುವೆ ಯಂತ್ರದ ಒಟ್ಟು ಎತ್ತರದ ನಾಲ್ಕರಷ್ಟು ಅಂತರ ಬೇಕೆಂದೂ ವಿಧಿಸಿತು. 2009ರಿಂದ, ಮನೆಯ ಬೆಲೆ ಕುಸಿದರೆ ಪರಿಹಾರ ಕೇಳಲು ನೆರೆಯವನಿಗೆ ಅವಕಾಶವಾಯಿತು. ಜರ್ಮನಿಯ ಬವೇರಿಯಾ 2014ರಲ್ಲಿ ಎತ್ತರದ ಹತ್ತರಷ್ಟು ಅಂತರ ಕೇಳಿತು. ಹಳ್ಳಿಗಳು ಒತ್ತಾಗಿರುವ ಆ ನಾಡಿನಲ್ಲಿ ಅಷ್ಟು ಖಾಲಿ ಜಾಗವೆಲ್ಲಿ? ಹೊಸ ಯಂತ್ರಗಳು ಹೆಚ್ಚುಕಡಿಮೆ ನಿಂತೇಹೋದವು. 2022ರಲ್ಲಿ ನಿಯಮ ಸಡಿಲವಾಯಿತು. ಪೋಲೆಂಡ್ 2016ರಲ್ಲಿ ಅದೇ ಹತ್ತರ ಲೆಕ್ಕ ಹಿಡಿದು, ಯಂತ್ರದ ಸಮೀಪ ಹೊಸ ಮನೆ ಕಟ್ಟುವುದನ್ನೂ ತಡೆಯಿತು. ಹಾಲೆಂಡಿನ ಹಳೆಯ ಕಟ್ಟಳೆ ಮರಳಿ ಬಂದಂತಾಯಿತು! 2023ರಲ್ಲಿ ಅಲ್ಲಿಯೂ ಕನಿಷ್ಠ ಅಂತರ 700 ಮೀಟರಿಗೆ ಇಳಿಯಿತು.

ಭಾರತ ಸರ್ಕಾರದ 2016ರ ಮಾರ್ಗಸೂಚಿ ಎರಡು ಅಳತೆ ಹೇಳಿತು. ರಸ್ತೆ, ರೈಲುಹಳಿ, ಕಟ್ಟಡಗಳಿಂದ ಇರಬೇಕಾದ ದೂರ ಕಂಬದ ಎತ್ತರ, ರೆಕ್ಕೆ ಸುತ್ತುವ ವ್ಯಾಸದ ಅರ್ಧ, ಜೊತೆಗೆ 5 ಮೀಟರು. ಸದ್ದಿನ ಕಾರಣಕ್ಕೆ ವಾಸದ ಮನೆಯಿಂದ 500 ಮೀಟರು. ಕಂಬ 120 ಮೀಟರು, ವ್ಯಾಸ 140 ಮೀಟರು ಇರುವ ಯಂತ್ರವನ್ನು ತೆಗೆದುಕೊಳ್ಳಿ. ರಸ್ತೆಯಿಂದ ಅದು 195 ಮೀಟರು ದೂರವಿರಬೇಕು. ಅದೇ ಯಂತ್ರ ಡೆನ್ಮಾರ್ಕಿನ ಲೆಕ್ಕದಲ್ಲಿ ಮನೆಯಿಂದ 760 ಮೀಟರು, ಬವೇರಿಯಾದ ಮೊದಲ ಲೆಕ್ಕದಲ್ಲಿ 1,900 ಮೀಟರು ಆಚೆ ನಿಲ್ಲಬೇಕು.

ಒಂದೇ ಯಂತ್ರ, ಒಂದೇ ಗಾಳಿ. ಅಂತರ ಮಾತ್ರ ದೇಶಕ್ಕೊಂದು. ಈ ಅಂಕಿಗಳನ್ನು ವಿಜ್ಞಾನವೊಂದೇ ನಿರ್ಧರಿಸಿಲ್ಲ ಎಂಬುದು ಇದರಿಂದಲೇ ಸ್ಪಷ್ಟ. ಅಂತರ ತೀರ ಕಿರಿದಾದರೆ ನೆರೆಯವನ ನಿದ್ದೆ ಕೆಡುತ್ತದೆ, ತೀರ ಹಿಗ್ಗಿದರೆ ಹೊಗೆಯಿಲ್ಲದ ವಿದ್ಯುತ್ ಕೈತಪ್ಪುತ್ತದೆ. ಗಾಳಿ ಎಲ್ಲರ ಸೊತ್ತೆಂದ ಹರ್ಬರ್ಟನ ಮಾತು ಇಂದು ಯಾರಿಗೂ ತಪ್ಪೆನಿಸದು. ಆದರೆ ಆ ಗಾಳಿಯ ಲಾಭದಲ್ಲಿ ಬದುವಿನ ಆಚೆಯವನಿಗೂ ಒಂದು ಪಾಲಿರಬೇಕಲ್ಲವೇ? ಅಳತೆಪಟ್ಟಿ ಹಿಡಿಯುವ ಮೊದಲು ಅವನನ್ನೊಮ್ಮೆ ಕೇಳುವುದು ಒಳ್ಳೆಯದು.