ದಾನಶಾಸನದ ಕೊನೆಯ ಸಾಲುಗಳು: ಮೂಲಧನ, ಬಡ್ಡಿ ಮತ್ತು ನಂಬಿಕೆ

ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಹೊನ್ನಾಳಿ, ಸಾಸ್ವೆಹಳ್ಳಿ ಹೋಬಳಿಗಳ ಪ್ರಾಚೀನ ಬದುಕನ್ನು ಅರಿಯಬಯಸುವವರಿಗೆ ಇಂದಿಗೂ ಇದು ಮೊದಲ ಆಕರ. ಆದರೆ ಸಾಹಿತ್ಯದ ವಿದ್ಯಾರ್ಥಿಗಳು ಶಾಸನದ ಪ್ರಶಸ್ತಿಭಾಗವನ್ನು ಆಸ್ವಾದಿಸಿ, ಗದ್ಯಾಣ, ಪಣ, ಮತ್ತರುಗಳ ವಿವರವಿರುವ ಕೊನೆಯ ಸಾಲುಗಳನ್ನು ದಾಟಿಬಿಡುವುದು ವಾಡಿಕೆ. ಕನ್ನಡನಾಡಿನ ಲೆಕ್ಕಪತ್ರದ ಇತಿಹಾಸ ಅಡಗಿರುವುದು ಆ ಸಾಲುಗಳಲ್ಲಿಯೇ.

ಹೊನ್ನಿನ ದಾನದ ಕ್ರಮವನ್ನು ಗಮನಿಸಬೇಕು. ದಾನಿಯು ಕೊಟ್ಟ ಹೊನ್ನು ಅಕ್ಷಯನಿಧಿ. ಅದನ್ನು ವೆಚ್ಚ ಮಾಡುವಂತಿಲ್ಲ. ಅದರ ಬಡ್ಡಿಯಿಂದ ಮಾತ್ರ ನಂದಾದೀಪ, ಪೂಜೆ, ಆಹಾರದಾನಗಳು ನಡೆಯಬೇಕು. ನಿಧಿಯ ಹೊಣೆ ಮಹಾಜನರದೋ ಸೆಟ್ಟಿಗಳದೋ ನಖರದ್ದೋ ಆಗಿರುತ್ತಿತ್ತು. ಮೂಲಧನವನ್ನೂ ಆದಾಯವನ್ನೂ ಬೇರೆಯಿರಿಸುವುದು, ಉದ್ದೇಶಿತ ವೆಚ್ಚಕ್ಕೆ ಮಾತ್ರ ಹಣ ಬಳಸುವುದು, ಹೊಣೆಗಾರರನ್ನು ಹೆಸರಿಸುವುದು ಇಂದಿನ ಲೆಕ್ಕಶಾಸ್ತ್ರಕ್ಕೂ ಆಧಾರವಾದ ತತ್ತ್ವಗಳು.

ಇದಕ್ಕೆ ಬೇಕಾದ ಗಣಿತವೂ ನಾಡಿನಲ್ಲಿಯೇ ಬೆಳೆದಿತ್ತು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದ ಮಿಶ್ರಕವ್ಯವಹಾರದಲ್ಲಿ ಬಡ್ಡಿಯ ಲೆಕ್ಕಗಳನ್ನೂ ಪಾಲುಗಾರರಿಗೆ ಅವರವರ ಬಂಡವಾಳಕ್ಕೆ ತಕ್ಕಂತೆ ಲಾಭ ಹಂಚುವ ಕ್ರಮವನ್ನೂ ವಿವರಿಸಿದ್ದಾನೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ದ ಮೂಲಕ ಈ ಶಾಸ್ತ್ರವನ್ನು ಕನ್ನಡಕ್ಕೆ ತಂದನು. ಬಳ್ಳಿಗಾವೆಯಂತಹ ವಣಿಕ್ಪಟ್ಟಣ ಪಕ್ಕದಲ್ಲಿಯೇ ಇದ್ದ ಈ ಸೀಮೆಯಲ್ಲಿ ಅಂತಹ ಲೆಕ್ಕ ನಿತ್ಯದ ಅಗತ್ಯವಾಗಿತ್ತು.

ಆದರೆ ನಿಧಿಗೆ ರಕ್ಷಣೆ ಯಾವುದು? ಶಾಸನದ ಉತ್ತರ ಎರಡು: ಎಲ್ಲರೂ ಕಾಣುವಂತೆ ನೆಟ್ಟ ಕಲ್ಲು ಮತ್ತು ಕೊನೆಯ ಶಾಪಾಶಯ. ಕಲ್ಲು ವಾಗ್ದಾನವನ್ನು ಹೇಳುತ್ತದೆಯೇ ಹೊರತು ಅದು ವರ್ಷವರ್ಷವೂ ನಡೆಯಿತೇ ಎಂಬುದನ್ನು ಹೇಳುವುದಿಲ್ಲ. ಶಾಪವೂ ಪಾಪಭೀತಿಯುಳ್ಳವನನ್ನು ಮಾತ್ರ ತಡೆಯಬಲ್ಲದು. ನಡೆಯುವ ಲೆಕ್ಕಕ್ಕೆ ಬೇರೆಯೇ ಸಾಧನ ಬೇಕಿತ್ತು. ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆಯನ್ನು ಮಡಿಸಿ ಬಳಪದಿಂದ ಬರೆಯುತ್ತಿದ್ದ ‘ಕಡಿತ’ ಅಂತಹುದು. ಶೃಂಗೇರಿ ಮಠದ ಕಡಿತಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಇಂದು ಕಚೇರಿಗಳಲ್ಲಿ ನಾವು ಆಡುವ ‘ಕಡತ’ ಎಂಬ ಮಾತು ಅದರದೇ ಉಳಿಕೆ.

ಹೊರಗಿನವರಿಂದ ಲೆಕ್ಕಪರಿಶೋಧನೆ ಕಾನೂನಿನ ಕಟ್ಟಳೆಯಾದುದು ಈಚೆಗೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ರಿಜಿಸ್ಟ್ರಾರರ ಪರಿಶೋಧನೆಯನ್ನು ಕಡ್ಡಾಯಗೊಳಿಸಿತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳ್ತನದಲ್ಲಿ ಸಹಕಾರ ಸಂಘ ಹುಟ್ಟಿತು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಕುಸಿದ ಬಳಿಕ, 1962ರಲ್ಲಿ ಠೇವಣಿ ವಿಮೆ ಬಂದಿತು. ಆಗಿನ ಮಿತಿ 1,500 ರೂಪಾಯಿ. 2020ರಿಂದ 5 ಲಕ್ಷ. ಅದೇ ವರ್ಷದ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಠೇವಣಿದಾರರು ಮೊದಲಿಗೆ ಪಡೆಯಬಹುದಾಗಿದ್ದುದು 35,000 ರೂಪಾಯಿ ಮಾತ್ರ.

ಕಾನೂನುಗಳು ಹೆಚ್ಚಾದರೂ ಪ್ರಶ್ನೆ ಹಳೆಯದೇ: ಪರರ ಹಣವನ್ನು ಕೈಯಲ್ಲಿ ಹಿಡಿದವನು ಯಾರಿಗೆ ಲೆಕ್ಕ ಒಪ್ಪಿಸಬೇಕು? ದಾನಶಾಸನಗಳು ಈ ಪ್ರಶ್ನೆಯನ್ನು ಊರಿನ ಎದುರಿಗೇ ಇಟ್ಟಿದ್ದವು. ನಮ್ಮ ಸಂಶೋಧಕರು ಒಂದೊಂದು ತಾಲ್ಲೂಕಿನ ಶಾಸನಗಳಿಂದ ಮೂಲಧನ, ಬಡ್ಡಿದರ, ಹೊಣೆಗಾರರ ವಿವರಗಳನ್ನು ಆಯ್ದು ಪಟ್ಟಿಮಾಡಿದರೆ, ರಾಜರ ವಂಶಾವಳಿಯಷ್ಟೇ ಬೆಲೆಯುಳ್ಳ ಜನಜೀವನದ ಚರಿತ್ರೆ ದೊರೆಯುತ್ತದೆ.